ಒಂದನೇ ಕ್ಲಾಸಿನ ಪದವೀಧರರು

ಬಹಳ ಹಿಂದೆ, ದಿನಪತ್ರಿಕೆ ಓದಿ ಸಿಟ್ಟಾಗುವ ಅಭ್ಯಾಸ ಜನರಲ್ಲಿ ಇನ್ನೂ ಉಳಿದಿದ್ದ ಕಾಲದಲ್ಲಿ, ಉನ್ನತಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ವಿಭ್ರಮವರ್ಮರು. ಪ್ರಭುಗಳಿಗೆ ಇದ್ದದ್ದು ಒಂದೇ ಕಾಯಿಲೆ. ನೆರೆರಾಜ್ಯದ ದೊರೆ ಏನನ್ನಾದರೂ ಉದ್ಘಾಟಿಸಿದ ಸುದ್ದಿ ಬಂದರೆ ಅಂದು ಅವರಿಗೆ ಊಟ ಸೇರುತ್ತಿರಲಿಲ್ಲ. ಹೀಗೆ ಮೂರು ದಿನ ಹಸಿದಿದ್ದ ಪ್ರಭುಗಳ ಸನ್ನಿಧಿಗೆ ವಿದ್ಯಾಮಂತ್ರಿ ಅನುಮೋದಪಾಲರು ಗಾಜಿನ ಹಲಗೆಯೊಂದನ್ನು ರೇಷ್ಮೆವಸ್ತ್ರದಲ್ಲಿ ಸುತ್ತಿಕೊಂಡು ಬಂದು ಉದ್ದಂಡ ನಮಸ್ಕಾರ ಹಾಕಿದರು.

"ಪ್ರಭು, ಇದು ಟ್ಯಾಬ್ಲೆಟ್. ಒಂದೊಂದು ಮಗುವಿಗೂ ಅದರ ಬುದ್ಧಿಗೆ ತಕ್ಕಂತೆ ಬೇರೆ ಬೇರೆ ಪಾಠ ಹೇಳುತ್ತದೆ. ಇದಕ್ಕೆ ವೈಯಕ್ತೀಕೃತ ಕಲಿಕೆ ಎನ್ನುತ್ತಾರೆ."

"ನಮ್ಮ ಮಕ್ಕಳ ಬುದ್ಧಿ ಬೇರೆ ಬೇರೆ ಇದೆಯೇನು?" ಮಹಾರಾಜರು ಗಾಬರಿಯಾದರು.

"ಸದ್ಯಕ್ಕೆ ಇದೆ ಪ್ರಭು. ಒಂದು ವರ್ಷದಲ್ಲಿ ಸರಿಪಡಿಸುತ್ತೇವೆ."

ಮಹಾರಾಜರು ಅಂದು ಹೊಟ್ಟೆ ತುಂಬ ಉಂಡರು. ಮರುದಿನವೇ ರಾಜಾಜ್ಞೆ ಹೊರಟಿತು. ಒಂದನೇ ತರಗತಿಯ ಸಮಸ್ತ ಬಾಲಕ ಬಾಲಕಿಯರು ತಂತಮ್ಮ ಟ್ಯಾಬ್ಲೆಟ್ಟಿನಿಂದಲೇ ವಿದ್ಯೆ ಕಲಿಯತಕ್ಕದ್ದು. ಶಿಕ್ಷಕರು ಇಡೀ ತರಗತಿಗೆ ಒಟ್ಟಾಗಿ ಪಾಠ ಹೇಳಿದಲ್ಲಿ ಅದನ್ನು ಮಕ್ಕಳ ವ್ಯಕ್ತಿತ್ವಕ್ಕೆ ಬಗೆದ ಅಪಚಾರವೆಂದು ಪರಿಗಣಿಸಲಾಗುವುದು. ಸ್ಲೇಟು, ಬಳಪ ಮುಂತಾದ ಪ್ರಾಚೀನ ಅವಶೇಷಗಳನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸತಕ್ಕದ್ದು. ಇದಲ್ಲದೆ ದರ್ಬಾರಿನ ಉತ್ತರದ ಗೋಡೆಯ ಮೇಲೆ ಮಗುವಿಗೊಂದರಂತೆ ದೀಪ ಕೂರಿಸಲಾಯಿತು. ಮಗು ಟ್ಯಾಬಿನಲ್ಲಿ ಸರಿಯುತ್ತರ ಒತ್ತಿದರೆ ದೀಪ ಹಸಿರು, ತಪ್ಪು ಒತ್ತಿದರೆ ಕೆಂಪು, ಸುಮ್ಮನಿದ್ದರೆ ಹಳದಿ. ಕೆಂಪು ದೀಪ ಹೆಚ್ಚಾದ ಶಾಲೆಯ ಶಿಕ್ಷಕರಿಗೆ ಗಡಿಯಾಚೆಯ ಕಾಡಿಗೆ ವರ್ಗ.

ಈ ಆಜ್ಞೆ ಹುಣಸೆಕೊಪ್ಪಲಿನ ಶಾಲೆಗೂ ಬಂತು. ಅಲ್ಲಿ ಪುಟ್ಟತಾಯಮ್ಮ ಎಂಬ ಟೀಚರು ಇಪ್ಪತ್ತಾರು ವರ್ಷದಿಂದ ಒಂದನೇ ಕ್ಲಾಸನ್ನೇ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಒಂದೇ ವಿದ್ಯೆ ಗೊತ್ತಿದ್ದದ್ದು. ಮಗುವಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ಅದರ ಮುಷ್ಟಿಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು, ನೆಲದ ಮೇಲೆ ರ, ಗ, ಸ, ದ ಎಂದು ತಿದ್ದಿಸುವುದು. ಸಂಕ್ರಾಂತಿಯ ಹೊತ್ತಿಗೆ ತಮ್ಮ ಕ್ಲಾಸಿನ ಪ್ರತಿಯೊಂದು ಮಗುವೂ ತನ್ನ ಹೆಸರನ್ನು ತಾನೇ ಬರೆಯಬೇಕು ಎನ್ನುವುದು ಅವರ ಹಟ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಕ್ಲಾಸಿನಲ್ಲಿ ಮೂವತ್ತೆರಡು ಮಕ್ಕಳು. ಅವರಲ್ಲಿ ಎಲ್ಲರಿಗಿಂತ ನಿಧಾನ ಸಾಕಿ. ಆರು ವರ್ಷದ ಹುಡುಗಿ, ಬಳಪ ಹಿಡಿದರೆ ಯಾರೋ ಕಿತ್ತುಕೊಳ್ಳುತ್ತಾರೇನೋ ಎನ್ನುವಷ್ಟು ಬಿಗಿ. ಶಾಲೆಗೆ ಸೇರಿಸಿದ ದಿನ ಅವಳ ತಾಯಿ ಜವರಮ್ಮ, "ಟೀಚರಮ್ಮ, ನಮ್ ಮಗು ಡಾಕ್ಟ್ರಾಗೋದೇನೂ ಬ್ಯಾಡ. ಅದರ ಹೆಸ್ರ ಅದೇ ಬರ್ಕಂಡ್ರೆ ಸಾಕು ಕಣವ್ವ," ಎಂದಿದ್ದಳು. ಪುಟ್ಟತಾಯಮ್ಮ ಆಗಲಿ ಎಂದು ಮಾತು ಕೊಟ್ಟಿದ್ದರು.

ಮೊದಮೊದಲು ಅವರು ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಟ್ಯಾಬಿನಲ್ಲಿ ಸರಿಯುತ್ತರ ಒತ್ತಿದರೆ ಒಂದು ನಕ್ಷತ್ರ ಬರುತ್ತಿತ್ತು. ತಪ್ಪು ಒತ್ತಿದರೆ ಕರಡಿಯೊಂದು ದೊಪ್ಪನೆ ಕುಂಡಿಯ ಮೇಲೆ ಬೀಳುತ್ತಿತ್ತು. ಆರು ವರ್ಷದ ಮಕ್ಕಳಿಗೆ ನಕ್ಷತ್ರ ಬೇಕೋ ಕರಡಿ ಬೇಕೋ ಎಂದು ಆ ಯಂತ್ರ ಮಾಡಿದ ಪಂಡಿತರು ಯಾವ ಮಗುವನ್ನೂ ಕೇಳಿರಲಿಲ್ಲ. ಮೂವತ್ತೆರಡು ಮಕ್ಕಳೂ ಕರಡಿಯನ್ನು ಬೀಳಿಸಿ ಬೀಳಿಸಿ ನಕ್ಕರು. ಟ್ಯಾಬಿಗೆ ಕನಿಕರ ಹುಟ್ಟಿತು. ಈ ಮಗುವಿಗೆ ಅಕ್ಷರ ಭಾರವಾಯಿತೆಂದು ಚಿತ್ರಕ್ಕೆ ಇಳಿಸಿತು, ಚಿತ್ರವೂ ಭಾರವೆಂದು ಬಣ್ಣಕ್ಕೆ ಇಳಿಸಿತು. ಹದಿನೈದು ದಿನದಲ್ಲಿ ಸಾಕಿಯ ಟ್ಯಾಬಿನಲ್ಲಿ ಒಂದು ಕೆಂಪು ಚೆಂಡು ಪುಟಿಯುವುದು ಬಿಟ್ಟು ಬೇರೆ ಪಾಠವೇ ಉಳಿಯಲಿಲ್ಲ. ಅವಳ ವೈಯಕ್ತಿಕ ಕಲಿಕೆ ಅಲ್ಲಿಗೆ ಸಂಪೂರ್ಣವಾಯಿತು.

ದರ್ಬಾರಿನ ಗೋಡೆಯಲ್ಲಿ ಹುಣಸೆಕೊಪ್ಪಲು ಕೆಂಪಗೆ ಉರಿಯಿತು. ಮೇಲ್ವಿಚಾರಕರಿಂದ ಓಲೆ ಬಂತು: ಇನ್ನು ಮೂರು ದಿನದಲ್ಲಿ ಹಸಿರಾಗದಿದ್ದರೆ ತಾವು ಗಂಟುಮೂಟೆ ಕಟ್ಟತಕ್ಕದ್ದು.

ಪುಟ್ಟತಾಯಮ್ಮನಿಗೆ ತಮ್ಮ ಚಿಂತೆಗಿಂತ ಸಾಕಿಯ ಚಿಂತೆ ಹತ್ತಿತು. ತಾವು ಹೋದರೆ ಆ ಮುಷ್ಟಿ ಹಿಡಿಯುವವರು ಯಾರು? ಒಂದು ದಿನವೆಲ್ಲ ಯೋಚಿಸಿ, ಆ ರಾಜ್ಯದ ಬಹುಪಾಲು ಶಿಕ್ಷಕರು ಆಗಲೇ ಹಿಡಿದಿದ್ದ ದಾರಿಯನ್ನೇ ಅವರೂ ಹಿಡಿದರು. ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂತಾಗ ಮೂವತ್ತೆರಡು ಟ್ಯಾಬುಗಳನ್ನೂ ಮುಂದೆ ಹರಡಿಕೊಂಡು ಉತ್ತರಗಳನ್ನೆಲ್ಲ ತಾವೇ ಒತ್ತಿದರು. ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಿಕ್ಕ ಹೊತ್ತೆಲ್ಲ ಸೆರಗಿನಲ್ಲಿ ಬಚ್ಚಿಟ್ಟುಕೊಂಡ ಬಳಪದ ಚೂರುಗಳಿಂದ ನೆಲದ ಮೇಲೆ ರ, ಗ, ಸ, ದ. ದೀಪಗಳು ಹಸಿರಾದವು. ಮಕ್ಕಳೂ ಕಲಿಯತೊಡಗಿದರು. ದಸರಾ ರಜೆಗೆ ಮುಂಚೆಯೇ ಸಾಕಿಗೆ ಸ ತಿದ್ದಲು ಬಂತು.

ಆದರೆ ಯಂತ್ರಕ್ಕೆ ಒಂದನೇ ಕ್ಲಾಸಿನಲ್ಲಿ ನಿಲ್ಲಲು ಮನಸ್ಸಿರಲಿಲ್ಲ. ಸರಿಯುತ್ತರ ಬಂದರೆ ಮೇಲಿನ ಪಾಠ, ಅದಕ್ಕೂ ಸರಿಯುತ್ತರ ಬಂದರೆ ಅದಕ್ಕೂ ಮೇಲಿನ ಪಾಠ. ಒಂದು ವಾರಕ್ಕೆ ಅದು ಭಿನ್ನರಾಶಿ ಕೇಳಿತು, ತಿಂಗಳಿಗೆ ಬೀಜಗಣಿತ ಕೇಳಿತು. ಬೇಕೆಂದೇ ತಪ್ಪು ಒತ್ತಿದರೆ ಕೆಂಪು, ಬಿಟ್ಟರೆ ಹಳದಿ. ಪುಟ್ಟತಾಯಮ್ಮ ಹತ್ತನೇ ಕ್ಲಾಸಿನ ಗೈಡು ತರಿಸಿಕೊಂಡರು, ಆಮೇಲೆ ಪಿಯುಸಿ ಗೈಡು ತರಿಸಿಕೊಂಡರು. ಸಾಕಿಯ ದೀಪ ಎಲ್ಲಿ ಮತ್ತೆ ಕೆಂಪಾಗುತ್ತದೋ ಎಂಬ ದಿಗಿಲಿನಿಂದ ಅವಳ ಟ್ಯಾಬನ್ನು ಎಲ್ಲಕ್ಕಿಂತ ಹೆಚ್ಚು ನಿಗಾ ಇಟ್ಟು ಒತ್ತಿದರು. ಕಾರ್ತಿಕ ಮಾಸದ ಹೊತ್ತಿಗೆ ಉನ್ನತಗಿರಿ ರಾಜ್ಯದ ಪರಮ ವಿದುಷಿ ಯಾರೆಂದರೆ ಹುಣಸೆಕೊಪ್ಪಲಿನ ಸಾಕಿ. ಅವಳಾಗ ನೆಲದ ಮೇಲೆ ದ ಬರೆಯಲು ಒದ್ದಾಡುತ್ತಿದ್ದಳು.

ಮಹಾರಾಜರು ಸ್ವತಃ ದಯಮಾಡಿಸಿದರು. ಹಿಂದೆ ಅನುಮೋದಪಾಲರು, ಅವರ ಹಿಂದೆ ಕಡಲಾಚೆಯಿಂದ ಕರೆಸಿದ್ದ ದತ್ತಾಂಶ ಸಲಹಾಗಾರರು, ಅವರ ಹಿಂದೆ ಹೊಗಳುಭಟ್ಟರು. ಶಾಲೆಯ ಅಂಗಳದಲ್ಲಿ ಸಾಕಿಗೆ 'ಬಾಲಬೃಹಸ್ಪತಿ' ಎಂಬ ಬಿರುದಿನ ಪೇಟ ತೊಡಿಸಲಾಯಿತು. ಅದು ಮೂಗಿನವರೆಗೆ ಇಳಿಯಿತು. ಮಗುವನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗೋಡೆಯಲ್ಲಿ ಎಲ್ಲವೂ ಕಾಣುತ್ತಿರುವಾಗ ಮಗುವನ್ನು ಕೇಳುವುದು ಅಪನಂಬಿಕೆಯ ಲಕ್ಷಣವೆಂದು ಸಲಹಾಗಾರರು ಮೊದಲೇ ತಿಳಿಸಿದ್ದರು.

ಪುಟ್ಟತಾಯಮ್ಮನಿಗೆ ತಡೆಯಲಾಗಲಿಲ್ಲ. ಕೈಮುಗಿದು ಮುಂದೆ ಬಂದರು. "ಮಹಾಸ್ವಾಮಿ, ತಪ್ಪಾಯ್ತು. ಅದನ್ನೆಲ್ಲ ಒತ್ತಿದ್ದು ನಾನು. ಮಗೂಗೆ ಇನ್ನೂ ಓದಕ್ಕೆ ಬರಲ್ಲ. ಮೂರೇ ಅಕ್ಷರ ಬರೋದು. ಬೇಕಾದ್ರೆ ಈಗಲೇ ಬರೆಸಿ ನೋಡಿ."

ಮಹಾರಾಜರು ಮಂತ್ರಿಯ ಮುಖ ನೋಡಿದರು. ಅನುಮೋದಪಾಲರು ಕಣ್ಣೊರೆಸಿಕೊಂಡು, "ಎಂಥ ವಿನಯ ಪ್ರಭು! ಶಿಷ್ಯೆಯ ಕೀರ್ತಿಗಾಗಿ ತಮ್ಮ ಮೇಲೆ ಕಳಂಕ ಹೊತ್ತುಕೊಳ್ಳುತ್ತಿದ್ದಾರೆ," ಎಂದರು.

"ಆದರೆ ಮಗುವಿಗೆ ಓದಲು ಬರುವುದಿಲ್ಲವಂತಲ್ಲ?"

ಸಲಹಾಗಾರರು ನಕ್ಕರು. "ಓದುವುದು ಒಂದನೇ ಹಂತ ಪ್ರಭು. ಈ ಮಗು ಹನ್ನೆರಡನೇ ಹಂತದಲ್ಲಿದೆ. ಮಹಡಿ ಹತ್ತಿದವರು ಮೆಟ್ಟಿಲನ್ನು ತಲೆಯ ಮೇಲೆ ಹೊತ್ತು ತಿರುಗುತ್ತಾರೆಯೇ?"

"ಭೇಷ್!" ಎಂದರು ಮಹಾರಾಜರು. ಹೊಗಳುಭಟ್ಟರು ಮೂರು ಸಲ ಭೇಷ್ ಎಂದರು.

ಅಲ್ಲೇ ಎರಡು ಘೋಷಣೆಗಳಾದವು. ಮೊದಲನೆಯದು, ಹನ್ನೆರಡು ವರ್ಷದ ವಿದ್ಯೆಯನ್ನು ಐದೇ ತಿಂಗಳಲ್ಲಿ ಮುಗಿಸಿದ ಈ ಮೂವತ್ತೆರಡು ಮಕ್ಕಳಿಗೂ ಪದವಿ ದಯಪಾಲಿಸಿ ವಿದ್ಯಾಭ್ಯಾಸದಿಂದ ಬಿಡುಗಡೆ ಮಾಡಲಾಗಿದೆ, ಕಲಿಸುವುದು ಏನೂ ಉಳಿದಿಲ್ಲವಾದ್ದರಿಂದ ಶಾಲೆಯನ್ನು ಮುಚ್ಚಿ ಟ್ಯಾಬ್ಲೆಟ್ ಚಾರ್ಜಿಂಗ್ ಕೇಂದ್ರವಾಗಿ ಪರಿವರ್ತಿಸಲಾಗಿದೆ. ಎರಡನೆಯದು, ಇಂಥ ಪವಾಡ ಮಾಡಿದ ಶ್ರೀಮತಿ ಪುಟ್ಟತಾಯಮ್ಮನವರನ್ನು ಅರಮನೆಯ ಪ್ರಧಾನ ಕಲಿಕಾ ಸಲಹೆಗಾರ್ತಿಯಾಗಿ ನೇಮಿಸಲಾಗಿದೆ. ಒಲ್ಲೆ ಎನ್ನಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ವಾದ್ಯಗಳು ಮೊಳಗಿದವು.

ಅರಮನೆಯಲ್ಲಿ ಅವರಿಗೊಂದು ಮೆತ್ತನೆಯ ಕುರ್ಚಿ ಕೊಟ್ಟರು, ಕೆಲಸವನ್ನೇನೂ ಕೊಡಲಿಲ್ಲ. ಎದುರಿಗೆ ಗೋಡೆ. ದಿನವೂ ಸಾವಿರ ಸಾವಿರ ಹಸಿರು ದೀಪಗಳನ್ನು ನೋಡುತ್ತ, ಪ್ರತಿ ದೀಪದ ಹಿಂದೆಯೂ ಬಿಸಿಯೂಟದ ಹೊತ್ತಿನಲ್ಲಿ ಟ್ಯಾಬುಗಳ ಮೇಲೆ ಬಗ್ಗಿರುವ ಒಬ್ಬ ಟೀಚರನ್ನು ಕಾಣುತ್ತ, ಅವರು ಒಳಗೊಳಗೇ ಕುದಿದರು. ತಮ್ಮ ಮೇಲೇ ಅವರಿಗೆ ಹೇಸಿಗೆಯಾಗುತ್ತಿತ್ತು. ಸಂಕ್ರಾಂತಿ ಹತ್ತಿರವಾದಾಗ ರಜೆ ಕೇಳಿಕೊಂಡು ಹುಣಸೆಕೊಪ್ಪಲಿಗೆ ಹೋಗಿ ಜವರಮ್ಮನನ್ನೂ ಸಾಕಿಯನ್ನೂ ಕರೆದುಕೊಂಡು ಪಕ್ಕದೂರಿನ ಶಾಲೆಗೆ ನಡೆದರು.

ಅಲ್ಲಿಯ ಹೆಡ್ಮಾಸ್ತರು ಎದ್ದು ನಿಂತು ಕೈಮುಗಿದರು. "ಅಪ್ಪಣೆಯಾಗಲಿ ಮೇಡಂ."

"ಈ ಮಗೂನ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಳಿ. ಅಷ್ಟೇ."

ಹೆಡ್ಮಾಸ್ತರು ಹೆಸರು ಕೇಳಿ, ಪಟ್ಟಿ ನೋಡಿ, ಬೆವರಿದರು. "ಇವರು ಪದವೀಧರರು ಮೇಡಂ. ಪದವೀಧರರನ್ನ ಕೆಳಗಿನ ತರಗತಿಗೆ ಸೇರಿಸ್ಕೊಂಡರೆ ರಾಜ್ಯದ ಪ್ರಗತಿ ಹಿಂದಕ್ಕೆ ಹೋದಂಗಾಗುತ್ತೆ, ಹಾಗೆ ಮಾಡಿದವರ ಕೆಲಸ ತೆಗೀತೀವಿ ಅಂತ ಸುತ್ತೋಲೆ ಬಂದಿದೆ. ಮನೇಲೂ ಹೇಳಿಕೊಡೋ ಹಂಗಿಲ್ಲ." ಅವರು ಸುತ್ತೋಲೆ ಮುಂದೆ ಹಿಡಿದರು. ಕೆಳಗೆ ಪ್ರಧಾನ ಕಲಿಕಾ ಸಲಹೆಗಾರ್ತಿ ಪುಟ್ಟತಾಯಮ್ಮ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪುಟ್ಟತಾಯಮ್ಮ ಆ ಕಾಗದವನ್ನು ಹಿಂದೆಂದೂ ಕಂಡಿರಲಿಲ್ಲ.

"ಅಂಗಾರೆ ನಮ್ ಮಗು ಏನ್ ಮಾಡ್ಬೇಕು ಸ್ವಾಮಿ?" ಜವರಮ್ಮ ಕೇಳಿದಳು.

ಹೆಡ್ಮಾಸ್ತರು ಒಳ್ಳೆಯ ಮನುಷ್ಯರು, ಸಹಾಯ ಮಾಡಬೇಕೆಂದು ಅವರಿಗೂ ಇತ್ತು. ಸ್ವಲ್ಪ ಯೋಚಿಸಿ, ಮೇಜಿನ ಖಾನೆಯಿಂದ ಒಂದು ಫಾರಂ ತೆಗೆದುಕೊಟ್ಟರು. "ನಮ್ಮಲ್ಲಿ ಒಂದನೇ ಕ್ಲಾಸಿಗೆ ಟೀಚರ್ ಹುದ್ದೆ ಖಾಲಿ ಇದೆಯಮ್ಮ. ಇವರ ಅರ್ಹತೆಗೆ ಧಾರಾಳವಾಗಿ ಸಿಗುತ್ತೆ. ಆದರೆ ಅರ್ಜೀನ ಅಭ್ಯರ್ಥಿ ತಮ್ಮ ಕೈಯಿಂದಲೇ ಬರೀಬೇಕು."

ಮೂವರೂ ಹೊರಗೆ ಬಂದು ಜಗಲಿಯ ಮೇಲೆ ಕೂತರು. ಸಾಕಿ ಫಾರಮ್ಮಿನ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿ, "ಟೀಚರ್, ಇದು ಸ! ಇದರ ಮುಂದಿನದು ಯಾವ್ದು?" ಎಂದಳು.

ಜಗಲಿಯ ಕೊನೆಯಲ್ಲಿ ಸುತ್ತೋಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೆಡ್ಮಾಸ್ತರು ನಿಂತಿದ್ದರು. ಪುಟ್ಟತಾಯಮ್ಮನವರು ಅಕ್ಷರವನ್ನು ನೋಡಿದರು, ಮಗುವನ್ನು ನೋಡಿದರು. ಅದನ್ನು ಹೇಳಿಕೊಡುವ ಅಧಿಕಾರ ಆ ರಾಜ್ಯದಲ್ಲಿ ಪ್ರಧಾನ ಕಲಿಕಾ ಸಲಹೆಗಾರ್ತಿಗೂ ಇರಲಿಲ್ಲ.