ಹೊಸ ಗೋಡೆಯ ಪ್ಲಾಸ್ಟಿಕ್ಕು

ಚಿಕ್ಕಸ್ವಾಮಿಯ ಮನೆಯ ಟಿವಿ ರಿಮೋಟು ತಂದ ದಿನದಿಂದಲೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಮೊಪೆಡ್ಡಿನ ಸೀಟಿನ ಹಾಳೆ ಹರಿದು ಚಿಂದಿಯಾಗಿ ತೊಡೆಗೆ ಚುಚ್ಚುತ್ತಿದ್ದರೂ ಅವನು ಕಿತ್ತಿರಲಿಲ್ಲ. ಹೊಸ ಸಾಮಾನಿನ ಪ್ಲಾಸ್ಟಿಕ್ ಕೀಳುವುದೆಂದರೆ ಅವನ ಪಾಲಿಗೆ ಮದುಮಗಳ ತಾಳಿಗೆ ಕೈ ಹಾಕಿದಷ್ಟೇ ಪಾಪ. ಅನಾಹುತ ಶುರುವಾದದ್ದೇ ಅಲ್ಲಿಂದ.

ಶ್ರೀರಂಗಪಟ್ಟಣದ ಕೋಟೆ ಪಕ್ಕದ ಪುಟ್ಟ ಮ್ಯೂಸಿಯಮ್ಮಿಗೆ ಅವನು ದಿನಗೂಲಿ ಕಾವಲುಗಾರ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಅಲ್ಲಿ ಹಳೆ ಕತ್ತಿ, ಫಿರಂಗಿ ಗುಂಡು ತೋರಿಸಲು ಹೊಸ ಗೋಡೆ ಎದ್ದಿತು. ಮರದ್ದಲ್ಲ, ಗಾರೆಯದ್ದಲ್ಲ, ಎಸಿಪಿ ಎಂಬ ಶೀಟಿನದು. ಎರಡು ತೆಳು ಅಲ್ಯೂಮಿನಿಯಂ ತಗಡು, ನಡುವೆ ಹೋಳಿಗೆಯ ಹೂರಣದಂತೆ ಪ್ಲಾಸ್ಟಿಕ್ಕು. ಮೇಲೆ ನೀಲಿ ಅಕ್ಷರ, ಬಾಣದ ಗುರುತು ತುಂಬಿದ ಬಿಳಿ ಪೊರೆ.

ಶೀಟು ಕೂರಿಸಿದ ಪಾಂಡವಪುರದ ವಜೀರ್ ಪಾಷಾ ಅವತ್ತೇ ಹೇಳಿದ್ದ: "ಸ್ವಾಮಿ ಭಾಯ್, ಪೊರೆ ಕಿತ್ತೇ ಹೋಗ್ತೀನಿ. ಬಿಸಿಲು ಬಿದ್ರೆ ಅಂಟು ಕಚ್ಕೊಂಡ್ಬಿಡ್ತದೆ."

"ನಿಮ್ಮನೆ ಸಾಮಾನಾಗಿದ್ರೆ ಇಂಗೆ ಕೀಳ್ತಿದ್ರಾ ಪಾಷಣ್ಣ? ಧೂಳು ಕೂತ್ಕತದೆ, ಬುಡಿ. ಓಪನಿಂಗ್ ದಿನ ನಾನೇ ಕೀಳ್ತೀನಿ."

"ಆಮೇಲೆ ನನ್ನ ಕೇಳ್ಬ್ಯಾಡ" ಎಂದು ಪಾಷಾ ಡ್ರಿಲ್ಲು ಚೀಲಕ್ಕೆ ತುರುಕಿಕೊಂಡು ಹೋದ. ಮಿಕ್ಕ ಬೇಸಿಗೆಯ ಬಿಸಿಲೆಲ್ಲ ಪಡುವಣ ಕಿಟಕಿಯಿಂದ ಇಳಿದು ಆ ಗೋಡೆಯನ್ನು ದಿನವೂ ಕಾಯಿಸಿತು.

ಉದ್ಘಾಟನೆಯ ಬೆಳಿಗ್ಗೆ ಕ್ಯುರೇಟರ್ ಶಿವಶಂಕರ್ ಕರೆದರು. "ನೋಡು ಚಿಕ್ಕಸ್ವಾಮಿ, ಒಂದು ಕಾಯಂ ಪೋಸ್ಟು ಬಂದಿದೆ. ನೀನೋ, ತೋಟದ ಕೆಂಪಣ್ಣನೋ ಅಂತ ಇವತ್ತು ಬರೋ ಬೆಂಗಳೂರು ಸಾಹೇಬರು ಹೇಳ್ತಾರೆ. ಮಧ್ಯಾಹ್ನದೊಳಗೆ ಆ ಪ್ಲಾಸ್ಟಿಕ್ ಕಿತ್ತು ಗೋಡೆ ಫಳಫಳ ಅನ್ನಿಸು."

ಮೀಸೆ ನೆರೆಯುವವರೆಗೂ ದಿನಗೂಲಿಯಲ್ಲೇ ಸವೆದವನಿಗೆ ಇನ್ನೇನು ಬೇಕು? ಓಡಿಹೋಗಿ ಪೊರೆಯ ಮೂಲೆ ಹಿಡಿದೆಳೆದ. ಉಗುರಿನಗಲ ಬಂದು ತುಂಡಾಯಿತು. ಮತ್ತೆ ಕೆರೆದ, ಮತ್ತೆ ತುಂಡು. ಸುಟ್ಟ ಬದನೆಕಾಯಿಯ ಸಿಪ್ಪೆಯೂ ಇದಕ್ಕಿಂತ ಮರ್ಯಾದೆಯಾಗಿ ಕಿತ್ತು ಬರುತ್ತದೆ.

"ಬಾರಣ್ಣ ಕೆಂಪಣ್ಣ, ಒಂದ್ ಕೈ ಆಕು."

ಕೆಂಪಣ್ಣ ಕೊನೆಯ ಶೀಟಿಗೆ ಒರಗಿ ಕೂತು ಎಲೆಗೆ ಸುಣ್ಣ ಬಳಿಯುತ್ತಿದ್ದ. "ಸೊಂಟ ಇಡ್ಕಂಡದೆ ಕಣ್ಲಾ. ನೀನು ಕೀಳು, ನಾನು ನೋಡ್ತೀನಿ."

ಕಸ ಗುಡಿಸುವ ಸಿದ್ದಲಿಂಗಮ್ಮ ಪೊರಕೆ ಬಿಟ್ಟು ಬಂದಳು. "ಸೀಮೆಎಣ್ಣೆ ಬಳಿಯಪ್ಪ. ನಮ್ ಹೈದನ ತಲೆಗೆ ಅಲಸಿನ ಅಂಟು ಮೆತ್ತಿದ್ದಾಗ ನಾನು ಅದ್ರಲ್ಲೇ ತಗುದ್ದು."

ಬಳಿದ. ಮ್ಯೂಸಿಯಮ್ಮು ರೇಷನ್ ಅಂಗಡಿಯಂತೆ ನಾತ ಹೊಡೆಯಿತು; ಪೊರೆ ಮಿಸುಕಲಿಲ್ಲ.

ಟಿಕೆಟ್ ಕೊಡುವ ಪ್ರಮೀಳಾ ಮೂಗು ಮುಚ್ಚಿಕೊಂಡೇ ಅಂದಳು: "ಕಾವು ಕೊಡ್ಬೇಕು ಚಿಕ್ಕಸ್ವಾಮಣ್ಣ. ಇಸ್ತ್ರಿ ಪೆಟ್ಟಿಗೆ ತಂದು ಉಜ್ಜು."

ಎದುರು ಬೀದಿಯ ಇಸ್ತ್ರಿ ಅಂಗಡಿ ಮುದ್ದಯ್ಯನ ಕಾಲು ಹಿಡಿದು ಕೆಂಡದ ಪೆಟ್ಟಿಗೆ ತಂದ. ಬಟ್ಟೆ ಹಾಸಿ ಉಜ್ಜಿದರೆ, ಅಬ್ಬಾ, ಪೊರೆ ಹಾಲಿನ ಕೆನೆಯಂತೆ ಮಡಚಿಕೊಂಡು ಬಂತು! ಒಂದಾದ ಮೇಲೊಂದು ಶೀಟು ಕನ್ನಡಿಯಾಗಿ, ಪ್ರತಿಯೊಂದರಲ್ಲೂ ಚಿಕ್ಕಸ್ವಾಮಿಗೆ ಕಾಯಂ ನೌಕರನೊಬ್ಬ ಕಂಡ. ಉಳಿದದ್ದು ಎರಡೇ: ಕೈಯಲ್ಲಿದ್ದದ್ದು, ಕೆಂಪಣ್ಣ ಒರಗಿದ್ದದ್ದು.

"ಸಾಹೇಬ್ರ ಕಾರು ಬಂತು!" ಪ್ರಮೀಳಾ ಕೂಗಿದಳು.

ಚಿಕ್ಕಸ್ವಾಮಿ ಬಾಗಿಲ ಕಡೆ ತಿರುಗಿದ. ಪೆಟ್ಟಿಗೆ ಒತ್ತಿದಲ್ಲೇ ನಿಂತಿತು. ಒಳಗಿನ ಹೂರಣ ಕರಗಿ ತಗಡು ಪೂರಿಯಂತೆ ಉಬ್ಬಿತು. ಪೊರೆಯನ್ನೇನೋ ಎಳೆದೆಸೆದ, ಉಬ್ಬನ್ನು ಎಲ್ಲಿಗೆ ಎಸೆಯುವುದು? ಪೆಟ್ಟಿಗೆಯನ್ನು ಸಿದ್ದಲಿಂಗಮ್ಮನ ಕೈಗೆ ತುರುಕಿ, ಉಬ್ಬಿಗೆ ಬೆನ್ನು ಕೊಟ್ಟು ನಿಂತ. ಬೆನ್ನು ಚುರ್ರೆಂದಿತು. ಹಲ್ಲು ಕಚ್ಚಿ ನಕ್ಕ.

ಸಾಹೇಬರು ರಿಬ್ಬನ್ ಕತ್ತರಿಸಿ ಒಳಗೆ ಬಂದರು. ಹೊಳೆಯುವ ಗೋಡೆಯನ್ನು ಬೆರಳಿನಿಂದ ಸವರಿದರು. ಮುಖ ಕಪ್ಪಿಟ್ಟಿತು.

"ಶಿವಶಂಕರ್, ಇದರ ಮೇಲಿನ ಕವರ್ ಎಲ್ರೀ?"

"ಸಾರ್?"

"ಲಕ್ಷಾಂತರ ಸುರಿದ ಗೋಡೇನ ಒಂದೇ ದಿನಕ್ಕೆ ಹಳೇದು ಮಾಡಿ ಇಟ್ಟಿದೀರಲ್ರೀ! ನಮ್ಮನೆ ಫ್ರಿಜ್ಜಿನ ಕವರ್ ಇನ್ನೂ ಹಾಗೇ ಇದೆ, ಗೊತ್ತಾ? ಯಾರು ಕಿತ್ತಿದ್ದು?"

ಶಿವಶಂಕರ್ ಕಣ್ಣು ಮಿಟುಕಿಸುವ ಮೊದಲೇ ಬೆರಳು ತೋರಿಸಿದರು. "ಇವನೇ ಸಾರ್. ಹೇಳಿದ್ರೂ ಕೇಳಲ್ಲ."

"ಬುದ್ದೀ, ನಮ್ ಮೊಪೆಡ್ಡಿನ ಸೀಟೂ..." ಚಿಕ್ಕಸ್ವಾಮಿ ಬೆನ್ನು ಸರಿಸದೆಯೇ ಕೈ ಮುಗಿದ.

ಸಾಹೇಬರು ಆಗಲೇ ಕೊನೆಯ ಶೀಟಿನ ಮುಂದಿದ್ದರು. ಬಾಣ, ಅಕ್ಷರ ಎಲ್ಲ ಇದ್ದ ಬಿಳಿ ಪೊರೆಯನ್ನು ಕಂದನ ಕೆನ್ನೆಯಂತೆ ನೇವರಿಸಿದರು. "ಇದನ್ನ ಉಳಿಸಿದ್ದು ಯಾರು?"

ಕೆಂಪಣ್ಣ ಎಲೆರಸ ನುಂಗಿ ಎದ್ದ. "ನಾನೇ ಬುದ್ದಿ. ಬೆಳಿಗ್ಗಿಂದ ಅಡ್ಡ ಕೂತು ಕಾಯ್ತಾವ್ನಿ."

"ಇಂಥೋನು ಬೇಕು ಕಾಯಂ ಕೆಲಸಕ್ಕೆ. ಮಿಕ್ಕಿದ್ದಕ್ಕೆಲ್ಲ ನಾಳೆಯೇ ಹೊಸ ಪ್ಲಾಸ್ಟಿಕ್ ಹಾಕ್ಸಿ. ಕಿತ್ತೋನ ಕೈಲೇ."

ಎಲ್ಲರೂ ಕಾಫಿಗೆ ಹೊರಟರು. ಚಿಕ್ಕಸ್ವಾಮಿಯೂ ಹೆಜ್ಜೆ ಎತ್ತಿದ, ಅಂಗಿ ಬರಲಿಲ್ಲ. ಕಾದ ಅಂಟು ಉಬ್ಬಿನ ಮೇಲೆ ಬೆನ್ನಿನಗಲ ಬಟ್ಟೆಯನ್ನು ಕಚ್ಚಿ ಹಿಡಿದಿತ್ತು. ಅವನು ಹಲ್ಲಿಯಂತೆ ಗೋಡೆಯಲ್ಲೇ ಒದ್ದಾಡಿ, ಕೈ ಹಿಂದಕ್ಕೆ ಹಾಕಿ ಎಳೆಯತೊಡಗಿದ.

ಬಾಗಿಲಲ್ಲಿದ್ದ ಕೆಂಪಣ್ಣ ತಿರುಗಿ ನೋಡಿದ. ಗಂಟಲಲ್ಲಿ ಆಗಲೇ ಕಾಯಂ ನೌಕರನ ಗತ್ತು.

"ಲೇ ಲೇ, ಕೀಳ್ಬ್ಯಾಡ ಕಣ್ಲಾ! ಹೊಸ ಗೋಡೆ. ಅದು ಅಂಗೇ ಇರ್ಲಿ."