ಹಿಟ್ಟಿನ ಡಬ್ಬಿಯ ಹಿಂದೆ

ಕಂಡವರ ಚಟ ಬಿಡಿಸಬೇಕೆಂಬ ಚಟ ನನಗೆ ಅಂಟಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಒಬ್ಬರು ಗೋಡೆಗೆ ಬಿಳಿ ಚಾದರ ಕಟ್ಟಿ, ಕುಡಿತದ ಬಗೆಗಿನ ಹಳೇ ಕಪ್ಪು-ಬಿಳುಪು ಸಾಕ್ಷ್ಯಚಿತ್ರವೊಂದನ್ನು ತೋರಿಸಿದ್ದರು. ಹಾಡಿಲ್ಲ, ಸಂಗೀತವಿಲ್ಲ, ಗಡ್ಡ ಬೆಳೆದ ಒಬ್ಬ ಮನುಷ್ಯ, ಎರಡು ಕೈಯಲ್ಲಿ ಹಿಡಿದರೂ ತುಳುಕುವ ಅವನ ಚಹಾದ ಕಪ್ಪು. ಹೆಂಡದ ವಾಸನೆಯೂ ಗೊತ್ತಿಲ್ಲದ ನಾವು ಹುಡುಗಿಯರೆಲ್ಲ ಎದ್ದು ನಿಂತು, ಇನ್ನು ಮುಂದೆ ಕುಡಿಯುವುದಿಲ್ಲವೆಂದು ಪ್ರಮಾಣ ಮಾಡಿದೆವು. ನಾನಂತೂ ಇವತ್ತಿನವರೆಗೂ ಪಾಲಿಸಿದ್ದೇನೆ.

ಮೊನ್ನೆ ಅದೇ ಚಿತ್ರ ಶಾಲೆಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಬಂತು. ಥಟ್ಟನೆ ನೆನಪಾದವನು ಬಸಪ್ಪ, ನಮ್ಮ ಮನೆಗೆಲಸದ ಹನುಮವ್ವನ ಗಂಡ. ಸೋಮವಾರ ಅವರ ಮಗಳನ್ನು ನೋಡಲು ಮಲ್ಲಟ ಊರಿನ ಗಂಡಿನವರು ಬರುವವರಿದ್ದರು. ಹಿಂದೊಮ್ಮೆ ದೇವದುರ್ಗದ ಬೀಗರು ಬಂದಾಗ, ಬಸಪ್ಪ ಕುಡಿದು ಗಂಡಿನ ತಂದೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದ. ಅವರು ಅವಲಕ್ಕಿ ಕೂಡ ಮುಟ್ಟದೆ ಎದ್ದು ಹೋಗಿದ್ದರು. "ಅಕ್ಕಾರ, ಇದೊಂದು ದಿನ ನೆಟ್ಟಗ ಕುಂತ್ರ ಸಾಕ್ರೀ," ಎಂದಿದ್ದಳು ಹನುಮವ್ವ.

ಶುಕ್ರವಾರ ಮಧ್ಯಾಹ್ನ ಆ ಚಿತ್ರ ತೋರಿಸಲು ಗಂಡ-ಹೆಂಡತಿ ಇಬ್ಬರನ್ನೂ ಟೀವಿ ಮುಂದೆ ಕೂಡಿಸಿದೆ. ಸಿನಿಮಾ ಅಂದಮೇಲೆ ಬಾಯಿಗೆ ಏನಾದರೂ ಬೇಕಲ್ಲ, ಮಂಡಕ್ಕಿ ತಂದು ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ ಬಜ್ಜಿ ಮಾಡಿದ್ದೆ. ಬಸಪ್ಪ ತಟ್ಟೆಯನ್ನೇ ನೋಡಿದ. "ಅಕ್ಕಾರ, ಮಿರ್ಚಿ ಕಂಡ್ರ ಅದಽ ನೆನಪಾಗ್ತದಲ್ರೀ!" ನನ್ನ ತಪ್ಪು ಗೊತ್ತಾಗುವಷ್ಟರಲ್ಲಿ ತಟ್ಟೆ ಖಾಲಿ.

ಪರದೆಯ ಮೇಲೆ ಆ ಮನುಷ್ಯ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ, ಬಚ್ಚಿಟ್ಟ ಬಾಟಲಿ ತೆಗೆದ. ಹನುಮವ್ವ ಕಿಸಕ್ಕನೆ ನಕ್ಕಳು. "ಅಯ್ಯ, ಥೇಟ್ ನಮ್ಮ ಅಕ್ಕಾರಂಗ! ಅವ್ರ ಇಂಗಿನ ಉಪ್ಪಿನಕಾಯಿ ಭರಣಿನೂ ಅಲ್ಲೇ ಅದ!"

ಮೂಲೆಯಲ್ಲಿ ನಮ್ಮ ಯಜಮಾನರ ಪೇಪರು ಮೆಲ್ಲಗೆ ಕೆಳಗಿಳಿಯಿತು. ಬಿಪಿ ಎಂದು ಡಾಕ್ಟರು ನನಗೆ ಉಪ್ಪಿನಕಾಯಿ ಬಿಡಿಸಿ ಆರು ತಿಂಗಳಾಗಿತ್ತು.

ಬಸಪ್ಪನೊಬ್ಬನೇ ನಗಲಿಲ್ಲ. "ಬಿಡಾದು ಭಾಳ ಕಷ್ಟ ಅದರೀ ಅಕ್ಕಾರ," ಎಂದ, ತನ್ನವರನ್ನು ಕಂಡವನಂತೆ. "ಹಿಂಗ ಮಾಡೂಣು. ಸೋಮವಾರದ ತನಕ ನೀವೂ ಬಿಡ್ರಿ, ನಾನೂ ಬಿಡ್ತೀನಿ."

ಸೋಮವಾರ ನನ್ನನ್ನೂ ಕರೆದಿದ್ದರು. ಒಗೆದ ಅಂಗಿ ತೊಟ್ಟ ಬಸಪ್ಪ ಗಂಡಿನ ತಂದೆಗೆ ತಾನೇ ಚಹಾ ಕೊಟ್ಟ. ಎರಡು ಕೈಯಲ್ಲಿ ಹಿಡಿದಿದ್ದ. ಕೈ ನಡುಗಿತು, ಚಹಾ ಚೆಲ್ಲಲಿಲ್ಲ. ಮಲ್ಲಟದ ಹಿರಿಯರು ಅವಲಕ್ಕಿ ತಿಂದು, ಇನ್ನಷ್ಟು ಕೇಳಿ ಹಾಕಿಸಿಕೊಂಡರು. ಬಾಗಿಲ ಮರೆಯಲ್ಲಿ ಹನುಮವ್ವ ಕಣ್ಣೊರೆಸಿಕೊಂಡಳು.

ಬಸಪ್ಪ ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಒಂದು ಹನಿ ಮುಟ್ಟಿಲ್ರೀ ಅಕ್ಕಾರ. ನೀವು?"

ನಾನು ಹೌದೆಂಬಂತೆ ತಲೆಯಾಡಿಸಿ, ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಬೆಳಿಗ್ಗೆ ಎರಡು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನಿಂದ ಇಂಗಿನ ವಾಸನೆ ಹೋಗಿರಲಿಲ್ಲ.