ಪ್ಯಾಕೇಜ್‌ಗಳ ಶ್ರದ್ಧಾಂಜಲಿ ಚೀಟಿಯನ್ನು ಬದುಕಿರುವ ಪಾಲಕರ ಬಾಗಿಲಿಗೆ ಅಂಟಿಸುವ ಬಗ್ಗೆ

ಶ್ಟರ್ಕೆಲ್ ಮುಕ್ತ ತಂತ್ರಾಂಶ ಭಂಡಾರ
ಹಳತು ತೆರವು ವಿಭಾಗ, ವ್ರಾತ್ಸಾ
ಸಂಖ್ಯೆ: ಹತೆವಿ/ಶ್ರದ್ಧಾಂಜಲಿ/ತಿದ್ದುಪಡಿಯ ತಿದ್ದುಪಡಿ/೩

ವಿಷಯ: ಬರೆದು ನೋಡಿಕೊಳ್ಳುವ ಪಾಲಕರಿಲ್ಲದ ಹಳೆಯ ತಂತ್ರಾಂಶ ಪ್ಯಾಕೇಜ್‌ಗಳ ತೆರವು ಹಾಗೂ ತತ್ಸಂಬಂಧಿತ ಬೇಯಿಸಿದ ಗೋಧಿ.

ಉಲ್ಲೇಖ: (೧) ಇದೇ ವಿಭಾಗದ ಹಿಂದಿನ ಸುತ್ತೋಲೆ.
(೨) ಶ್ರೀಮತಿ ದೋಬ್ರಿಂಕಾ ವಲ್ಚೆವಾ ಅವರ ದೂರವಾಣಿ ಕರೆ.
(೩) ಅದೇ ಕರೆಯ ಉಳಿದ ಭಾಗ, ಕಚೇರಿಯ ಕಿಟಕಿಯ ಕೆಳಗಿನಿಂದ.

ದಿಕ್ಕುದೆಸೆಯಿಲ್ಲದೆ ಪಾಚಿಗಟ್ಟಿದ ತಂತ್ರಾಂಶಗಳನ್ನು ಕಿತ್ತೊಗೆಯುವುದರಲ್ಲಿ ಈ ವಿಭಾಗಕ್ಕೆ ಸಮನಾದದ್ದು ದಾನ್ಯೂಬ್ ನದಿಯ ಈ ದಡದಲ್ಲಿ ಇಲ್ಲ. ಆ ದಡದವರು ಪ್ರಯತ್ನಿಸಿ ಕೈಬಿಟ್ಟಿದ್ದಾರೆ. ಕಳೆದ ಚಳಿಗಾಲದಲ್ಲಿ ಸಾವಿರಾರು ಪ್ಯಾಕೇಜ್‌ಗಳನ್ನು ಒಂದು ಲೋಟ ಕಾಫಿ ಆರುವುದರೊಳಗೆ ತೆರವುಗೊಳಿಸಿ, ಕಾಫಿಯನ್ನು ಬಿಸಿಬಿಸಿಯಾಗಿಯೇ ಕುಡಿಯಲಾಗಿದೆ. ಹೀಗಿರುವಲ್ಲಿ, ಈ ಕೆಳಕಂಡ ಸಣ್ಣ ಪ್ರಕರಣವನ್ನು ಎಲ್ಲರ ಗಮನಕ್ಕೆ ತರಲಾಗಿದೆ.

೧. ಮೂರು ವರ್ಷ ಯಾವುದೇ ತಿದ್ದುಪಡಿ ಕಾಣದ ಪ್ಯಾಕೇಜನ್ನು ಮೃತವೆಂದು ಪರಿಗಣಿಸಿ, ನಾಡಿನ ಪದ್ಧತಿಯಂತೆ ಮೃತರ ಭಾವಚಿತ್ರವುಳ್ಳ ಕಪ್ಪು ಅಂಚಿನ ಶ್ರದ್ಧಾಂಜಲಿ ಚೀಟಿಯನ್ನು ಬಾಗಿಲಿಗೆ ಅಂಟಿಸತಕ್ಕದ್ದೆಂದು ಉಲ್ಲೇಖ (೧)ರಲ್ಲಿ ಆದೇಶಿಸಲಾಗಿತ್ತು. ಜೇನುಗೂಡುಗಳನ್ನು ತೂಗುವ ‘ಪ್ಚೆಲಾರ್’ ಎಂಬ ಪ್ಯಾಕೇಜ್ ಶುಕ್ರವಾರ ತೆರವಾಗಬೇಕಿತ್ತು. ಅತ್ಯುತ್ಸಾಹಿ ಸ್ವಯಂಸೇವಕ ಕಮೆನ್ ಅವರು ಮಂಗಳವಾರವೇ ಅದರ ಪಾಲಕಿ ಶ್ರೀಮತಿ ವಲ್ಚೆವಾ ಅವರ ವಠಾರದ ಬಾಗಿಲಿಗೆ ಚೀಟಿ ಅಂಟಿಸಿದರು. ಪ್ಯಾಕೇಜ್‌ಗೆ ಮುಖವಿಲ್ಲದ ಕಾರಣ ಪಾಲಕಿಯ ಮುಖವನ್ನು ಬಳಸಲಾಯಿತು.

೨. ಸದರಿ ಪಾಲಕಿಯು ಸಂತೆಯಿಂದ ದೊಣ್ಣೆ ಮೆಣಸಿನಕಾಯಿಯ ಚೀಲ ಹೊತ್ತು ಬಂದಾಗ, ಮೂರನೇ ಮಹಡಿಯ ಶ್ರೀಮತಿ ಗಿಂಕಾ ಅವರು ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಅಳುತ್ತಿದ್ದುದು ಕಂಡುಬಂದಿರುತ್ತದೆ. ನಡೆದ ಮಾತುಕತೆ ಇಂತಿದೆ:

“ಅಯ್ಯೋ ದೋಬ್ರಿಂಕಕ್ಕಾ, ನೀವು ಸತ್ತುಹೋಗಿದ್ದೀರಿ ಕಣ್ರೀ!”

“ಸತ್ತೋಳು ಇಷ್ಟು ಮೆಣಸಿನಕಾಯಿ ಹೊತ್ಕೊಂಡು ಬರ್ತಾಳೇನೇ?”

“ಅದೂ ಸರೀನೇ ಅನ್ನಿ. ಆದ್ರೆ ಗೋಧಿ ಬೇಯಿಸಿಬಿಟ್ಟಿದ್ದೀನಲ್ಲಾ!”

“ತಾ ಇಲ್ಲಿ. ಸಕ್ಕರೆ ಹಾಕಿದ್ದೀಯೋ, ಸುಮ್ನೆ ಅತ್ತಿದ್ದೀಯೋ?”

ಗೋಧಿಯನ್ನು ಮೆಟ್ಟಿಲ ಮೇಲೆಯೇ ಮುಗಿಸಲಾಯಿತು. ತಮ್ಮ ಸಾವಿಗೆ ನಕ್ಕ ಸದರಿಯವರು, ‘ಶುಕ್ರವಾರ ಪ್ಚೆಲಾರ್ ತೆರವು’ ಎಂಬ ಚೀಟಿಯ ಕೆಳಗಿನ ಸಾಲು ಓದಿ ನಗು ನಿಲ್ಲಿಸಿದರು. ಶುಕ್ರವಾರ ಹೊರಬರುವ ಭಂಡಾರದ ಹೊಸ ಆವೃತ್ತಿಯಲ್ಲಿ ಪ್ಚೆಲಾರ್ ಇರದಿದ್ದರೆ, ಬೆಟ್ಟದ ತಪ್ಪಲಿನ ಜೇನುಗೂಡುಗಳ ಅಡಿಯ ತಕ್ಕಡಿಗಳೆಲ್ಲ ಸೂರ್ಯಕಾಂತಿ ಹೂಬಿಡುವ ಸುಗ್ಗಿಯಲ್ಲೇ ಮೂಕವಾಗುತ್ತವೆ. ಆ ತಂತ್ರಾಂಶದ ಸಾಲುಸಾಲನ್ನೂ ಅವರೇ ಬರೆದಿದ್ದರು.

೩. ದೂರವಾಣಿಯಲ್ಲಿ ಮಾತನಾಡುತ್ತಲೇ ಬಂದು ಕಚೇರಿಯ ಕಿಟಕಿಯ ಕೆಳಗೆ ನಿಂತ ಶ್ರೀಮತಿ ವಲ್ಚೆವಾ ಅವರಿಗೆ, ವಿಭಾಗದ ಮುಖ್ಯಸ್ಥರು ಅಪಾರ ಸಹನೆಯಿಂದ ನಿಯಮವನ್ನು ವಿವರಿಸಿದರು.

“ಮೂರು ವರ್ಷದಿಂದ ಒಂದು ತಿದ್ದುಪಡೀನೂ ಇಲ್ಲವಲ್ಲಮ್ಮಾ!”

“ತಪ್ಪಿದ್ರೆ ತಾನೇ ತಿದ್ದೋದು, ಮಹಾರಾಯ! ಮೂರು ವರ್ಷದಲ್ಲಿ ಕಿಲೋ ಏನಾದ್ರೂ ಭಾರ ಆಗಿದ್ಯಾ?”

“ನಿಯಮದಲ್ಲಿ ಕಿಲೋ ಬಗ್ಗೆ ಏನೂ ಬರೆದಿಲ್ಲ.”

“ಅಂದ್ರೆ ನಿಮಗೆ ತಪ್ಪು ಬೇಕು?”

“ತಿದ್ದಿದ ತಪ್ಪು ಬೇಕು.”

“ಅಷ್ಟೇ ತಾನೇ? ಮಾಡಿಕೊಡ್ತೀನಿ, ಕೂತಿರಿ.”

೪. ಬುಧವಾರ ಸಂಜೆ ಸದರಿಯವರು ಪ್ರತಿ ಗೂಡಿನ ತೂಕವನ್ನೂ ಎರಡರಷ್ಟು ತೋರಿಸುವ ಹೊಸ ತಿದ್ದುಪಡಿಯನ್ನು ಬಿಡುಗಡೆ ಮಾಡಿದರು. ಗುರುವಾರ ಬೆಳಗಾಗುವುದರೊಳಗೆ ವಿದಿನ್‌ನಿಂದ ಕಪ್ಪು ಸಮುದ್ರದವರೆಗೆ ಜೇನು ಸಾಕುವವರೆಲ್ಲ ಹುಚ್ಚೆದ್ದು ಕುಣಿದರು. ಬೆರ್ಕೋವಿತ್ಸಾದ ಒಬ್ಬರು, ಇನ್ನೂ ತೆಗೆಯದ ಜೇನಿನ ಸಂಭ್ರಮಕ್ಕೆ ಹೋದ ವರ್ಷದ ರಾಕಿಯಾ ಸಾರಾಯಿಯನ್ನೆಲ್ಲ ಖಾಲಿ ಮಾಡಿದರು. ಹತ್ತು ಗಂಟೆಗೆ ನಿಜ ತಿಳಿದು, ಈ ವಿಭಾಗದ ಅಂಚೆಪೆಟ್ಟಿಗೆ ಬಿರಿಯುವಷ್ಟು ಬೈಗುಳ ಬಂದಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ತಪ್ಪನ್ನು ತಿದ್ದಲಾಯಿತು. ಇಷ್ಟೊಂದು ಬೈಸಿಕೊಳ್ಳುವ ಪ್ಯಾಕೇಜ್ ಸತ್ತಿರಲು ಸಾಧ್ಯವಿಲ್ಲವೆಂದು ಮನಗಂಡು, ಅದರ ತೆರವನ್ನು ರದ್ದುಪಡಿಸಲಾಗಿದೆ.

೫. ಆದುದರಿಂದ ಸಮಸ್ತ ಪಾಲಕರಿಗೆ ಈ ಮೂಲಕ ಸೂಚಿಸುವುದೇನೆಂದರೆ:

(ಅ) ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ ಒಂದು ತಪ್ಪು ಮಾಡಿ, ತಿದ್ದತಕ್ಕದ್ದು. ತಪ್ಪು ಸ್ವಂತದ್ದಾಗಿರಬೇಕು, ನೆರೆಯವರಿಂದ ಕಡ ತಂದ ತಪ್ಪನ್ನು ಪರಿಗಣಿಸಲಾಗುವುದಿಲ್ಲ.

(ಆ) ಎಷ್ಟು ಹೆಣಗಿದರೂ ತಪ್ಪು ಮಾಡಲಾಗದವರು ಅರ್ಜಿ ಸಲ್ಲಿಸಿದಲ್ಲಿ, ವಿಭಾಗದ ದಾಸ್ತಾನಿನಿಂದ ಒದಗಿಸಲಾಗುವುದು. ದಾಸ್ತಾನು ಸಾಕಷ್ಟಿದೆ.

(ಇ) ಚೀಟಿ ಅಂಟಿಸುವ ಮುನ್ನ ಬಾಗಿಲು ಬಡಿಯತಕ್ಕದ್ದು. ಪಾಲಕರು ತಾವೇ ಬಾಗಿಲು ತೆರೆದರೆ, ಅದನ್ನು ಜೀವ ಇರುವುದಕ್ಕೆ ಪ್ರಾಥಮಿಕ ಸಾಕ್ಷ್ಯವೆಂದು ಸ್ವೀಕರಿಸಬಹುದು.

(ಈ) ಒಮ್ಮೆ ಅಂಟಿಸಿದ ಚೀಟಿಯನ್ನು, ಸತ್ತವರ ತಿಥಿಯಾದ ನಲವತ್ತನೆಯ ದಿನದವರೆಗೆ ಕೀಳುವಂತಿಲ್ಲ. ಅಲ್ಲಿಯವರೆಗೆ ಶ್ರೀಮತಿ ವಲ್ಚೆವಾ ಅವರನ್ನು ವಠಾರದೊಳಗೆ ಮೃತರೆಂದೂ ಹೊರಗೆ ಜೀವಂತರೆಂದೂ ಭಾವಿಸತಕ್ಕದ್ದು. ಮೆಟ್ಟಿಲು ಗುಡಿಸುವ ಸರದಿಯಿಂದ ವಿನಾಯಿತಿ ಸಿಗುವುದಾದರೆ ತಮ್ಮ ಆಕ್ಷೇಪಣೆ ಇಲ್ಲವೆಂದು ಅವರು ತಿಳಿಸಿರುತ್ತಾರೆ.

ಸಹಿ/-
(ಇವಾಯ್ಲೊ ದ್ರಾಗಾನೊವ್)
ಮುಖ್ಯಸ್ಥರು, ಹಳತು ತೆರವು ವಿಭಾಗ

ಪ್ರತಿಗಳು:
೧. ಸಮಸ್ತ ಪಾಲಕರಿಗೆ, ತಪ್ಪು ಮಾಡುವ ಸಲುವಾಗಿ.
೨. ಕಮೆನ್ ಅವರಿಗೆ, ಅಂಟಿನ ಡಬ್ಬಿಯನ್ನು ಕೂಡಲೇ ಒಪ್ಪಿಸಲು.
೩. ಬೆರ್ಕೋವಿತ್ಸಾದ ಸದರಿ ವ್ಯಕ್ತಿಗೆ, ಎಚ್ಚರವಾದ ನಂತರ.
೪. ಶ್ರೀಮತಿ ದೋಬ್ರಿಂಕಾ ವಲ್ಚೆವಾ ಅವರಿಗೆ, ವಠಾರದ ಹೊರಗೆ ಕೈಗೆ ಕೊಡುವುದು.
೫. ಜೇನುಹುಳುಗಳಿಗೆ ಪ್ರತಿ ಅನಗತ್ಯ. ಅವು ಎಂದಿನಂತೆ ಕೆಲಸ ಮುಂದುವರಿಸತಕ್ಕದ್ದು.